ವಯಸ್ಸಾದ ಬೆಕ್ಕು ಊಟ ಬಿಟ್ಟರೆ ಏನು ಮಾಡಬೇಕು?

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಕಾಯೋ ಒಂದು ಜೀವದ ಬಗ್ಗೆ ಬರೀತೀನಿ. ದನಕ್ಕೆ ಮೇವು ಸೇರದಿದ್ರೆ ನಾವು ಅದೇ ದಿನ ಡಾಕ್ಟರಿಗೆ ಫೋನ್ ಮಾಡ್ತೀವಿ. ಬೆಕ್ಕು ಎರಡು ದಿನ ತಿನ್ನದಿದ್ರೆ ಮಾತ್ರ "ಎಲ್ಲೋ ಇಲಿ ಹೊಡೆದು ತಿಂದಿರಬೇಕು" ಅಂತ ಸುಮ್ಮನಿರ್ತೀವಿ. ನಾನೂ ಹಾಗೇ ಮಾಡಿದೆ, ಅದು ತಪ್ಪಾಯಿತು. ಆ ತಪ್ಪಿನಿಂದ ಕಲಿತದ್ದನ್ನು ಈ ಲೇಖನದಲ್ಲಿ ಹೇಳಿದ್ದೀನಿ.

ನಮ್ಮ ಹೊಲ ಇರೋದು ಭಾಲ್ಕಿ ತಾಲೂಕಿನಲ್ಲಿ. ತೊಗರಿ, ಕಡಲೆ, ಸ್ವಲ್ಪ ಶುಂಠಿ, ಮನೆ ಹಿಂದೆ ತರಕಾರಿ ಬೆಳೀತೀವಿ. ನಮ್ಮ ಮನೆ ಬೆಕ್ಕಿನ ಹೆಸರು ಬೂದಿ. ಮೈ ಬಣ್ಣ ಒಲೆ ಬೂದಿಯ ಹಾಗಿದೆ, ಅದಕ್ಕೆ ಆ ಹೆಸರು. ನಾನು ತೋಟಗಾರಿಕೆ ಡಿಗ್ರಿಯ ಕೊನೆ ವರ್ಷದಲ್ಲಿದ್ದಾಗ ಮರಿಯಾಗಿ ಬಂದದ್ದು, ಈಗ ಅದಕ್ಕೆ 13 ವರ್ಷ. ಬೆಕ್ಕಿನ ವಯಸ್ಸನ್ನು ಮನುಷ್ಯರ ಲೆಕ್ಕಕ್ಕೆ ತರೋದು ಸುಲಭ. ಮೊದಲ ವರ್ಷಕ್ಕೆ 15, ಎರಡನೇ ವರ್ಷ ಮುಗಿಯುವಾಗ 24, ಆಮೇಲೆ ಪ್ರತಿ ವರ್ಷಕ್ಕೆ 4 ಸೇರಿಸಬೇಕು. ಹಾಗೆ ನೋಡಿದ್ರೆ ಬೂದಿಗೆ ಈಗ 68. ಸಾಮಾನ್ಯವಾಗಿ 10-11 ವರ್ಷ ದಾಟಿದ ಬೆಕ್ಕನ್ನು ವಯಸ್ಸಾದ ಬೆಕ್ಕು ಅಂತಲೇ ಲೆಕ್ಕ.

ಎಳ್ಳಮಾವಾಸ್ಯೆಯ ದಿನ

ಎಳ್ಳಮಾವಾಸ್ಯೆ ನಮ್ಮ ಬೀದರ್ ಕಡೆ ಎಷ್ಟು ದೊಡ್ಡ ಹಬ್ಬ ಅಂತ ನಿಮಗೆ ಗೊತ್ತೇ ಇದೆ. ಮನೆ ತುಂಬ ಜನ ಇದ್ರು, ಹೊಲಕ್ಕೆ ಭಜ್ಜಿ, ರೊಟ್ಟಿ, ಅಂಬಲಿ ಒಯ್ಯೋ ಗಡಿಬಿಡಿ. ಬೆಳಿಗ್ಗೆ ಬೂದಿಗೆ ದಿನದ ಹಾಗೆ ಹಾಲು-ರೊಟ್ಟಿ, ಅದರ ಮೇಲೆ ಬೇಯಿಸಿದ ತತ್ತಿಯ ಚೂರು ಹಾಕಿದೆ. ಬಂತು, ಮೂಸಿತು, ತುಟಿ ನೆಕ್ಕಿಕೊಂಡು ಹಿಂದೆ ಸರಿದು ಕೂತಿತು. ಜನ ಜಾಸ್ತಿ ಇದ್ದಾರೆ, ಅಂಜಿರಬೇಕು ಅಂದ್ಕೊಂಡೆ.

ಮಾರನೇ ದಿನವೂ ಅದೇ ಕಥೆ. ಆದ್ರೆ ಅವತ್ತು ತೊಗರಿ ರಾಶಿ ಇತ್ತು, ಆಳುಗಳು ಬಂದಿದ್ರು. ಅವ್ವ ಅಂದ್ಳು, "ಬಿಡವ್ವ, ವಯಸ್ಸಾಗ್ಯಾದ. ಬೆಕ್ಕು ಉಪಾಸ ಮಾಡಿ ತಾನೇ ಆರಾಮ ಆಗ್ತದ." ಆಯಿ ಇನ್ನೊಂದು ಮಾತು ಸೇರಿಸಿದ್ಳು, "ಅದಕ್ಕ ಹೋಗೋ ಟೈಮ್ ಬಂದಾದ. ಬೆಕ್ಕು ಮನ್ಯಾಗ ಸಾಯಲ್ಲ, ನೋಡ್ತಿರು, ಎಲ್ಲರ ಹೋಗ್ತದ."

ಆ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಇದೆ, ಅದನ್ನು ಮುಂದೆ ಹೇಳ್ತೀನಿ. ತರಕಾರಿ ತೂಗೋ ನೇತಾಡುವ ಡಿಜಿಟಲ್ ತಕ್ಕಡಿಗೆ ಒಂದು ಕೈಚೀಲ ಕಟ್ಟಿ, ಅದರಲ್ಲಿ ಬೂದಿಯನ್ನು ಕೂರಿಸಿ ತೂಗಿದೆ. 2.6 ಕಿಲೋ ಬಂತು. ಎರಡು ವರ್ಷದ ಹಿಂದೆ ಇದೇ ತಕ್ಕಡಿಯಲ್ಲಿ 3.8 ಇತ್ತು. ಹತ್ತಿರ ಹತ್ತಿರ ಮೂರನೇ ಒಂದು ಭಾಗ ತೂಕ ನನ್ನ ಕಣ್ಣ ಮುಂದೆಯೇ ಕರಗಿ ಹೋಗಿತ್ತು. ಚಳಿಗಾಲದ ದಪ್ಪ ಕೂದಲಿನಲ್ಲಿ ಅದು ಕಾಣಲೇ ಇಲ್ಲ. ಟೊಮೆಟೊ ಗಿಡದ ಎಲೆ ಸ್ವಲ್ಪ ಮುದುಡಿದ್ರೂ ಗುರುತಿಸುವ ನಾನು ಕಾಲ ಹತ್ತಿರವೇ ಓಡಾಡೋ ಜೀವವನ್ನು ನೋಡಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬುಟ್ಟಿಯಲ್ಲಿ ಗೋಣಿ ಹಾಸಿ, ಬೂದಿಯನ್ನು ಕೂರಿಸಿ, ಮೇಲೆ ಬಟ್ಟೆ ಕಟ್ಟಿ ಬೀದರಿಗೆ ಹೊರಟೆ.

ಬೆಕ್ಕು ಉಪವಾಸ ಇದ್ರೆ ಯಾಕೆ ಅಪಾಯ?

ನಾಯಿ ಎರಡು-ಮೂರು ದಿನ ಉಪವಾಸ ಇದ್ದು ಚೇತರಿಸಿಕೊಳ್ಳಬಹುದು. ಬೆಕ್ಕಿನ ದೇಹ ಬೇರೆ ಥರ. ಹೊಟ್ಟೆಗೆ ಏನೂ ಬೀಳದಿದ್ರೆ ದೇಹ ತನ್ನ ಕೊಬ್ಬನ್ನೇ ಕರಗಿಸಿ ಲಿವರ್‌ಗೆ ಕಳಿಸುತ್ತೆ. ಅಷ್ಟು ಕೊಬ್ಬನ್ನು ಬಳಸಿಕೊಳ್ಳೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡು ಲಿವರ್ ಕೆಲಸ ನಿಲ್ಲಿಸುತ್ತೆ. ಎರಡು ದಿನದಿಂದ ಒಂದು ವಾರದೊಳಗೆ ಇದು ಶುರುವಾಗಬಹುದು. ದಪ್ಪ ಇದ್ದ ಬೆಕ್ಕಿಗೆ ಇದರ ಅಪಾಯ ಇನ್ನೂ ಹೆಚ್ಚು. ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ಭಾಗ ಹಳದಿಯಾಗಿದ್ರೆ ಲಿವರ್ ಕೆಟ್ಟಿದೆ ಅಂತ ತಿಳೀರಿ.

ಅದಕ್ಕೆ ನಿಯಮ ಹೀಗೆ ಇಟ್ಟುಕೊಳ್ಳಿ. ವಯಸ್ಸಾದ ಬೆಕ್ಕು ಪೂರ್ತಿ 24 ಗಂಟೆ ಏನೂ ತಿನ್ನದಿದ್ರೆ ಡಾಕ್ಟರಿಗೆ ಫೋನ್ ಮಾಡಿ. 48 ಗಂಟೆ ಆದ್ರೆ ಯಾವ ಕೆಲಸ ಇದ್ರೂ ಬಿಟ್ಟು ಕರಕೊಂಡು ಹೋಗಿ. "ಉಪಾಸ ಮಾಡಿ ಆರಾಮ ಆಗ್ತದ" ಅನ್ನೋ ಮಾತು ಬೆಕ್ಕಿನ ವಿಷಯದಲ್ಲಿ ನಿಜ ಅಲ್ಲ.

ಹೇಗೆ ಬಿಡ್ತದೆ ಅನ್ನೋದನ್ನು ನೋಡಿ

ಊಟ ಬಿಟ್ಟಿದೆ ಅನ್ನೋದಕ್ಕಿಂತ ಹೇಗೆ ಬಿಟ್ಟಿದೆ ಅನ್ನೋದು ಮುಖ್ಯ. ಎಲೆ ಹಳದಿಯಾದ್ರೆ ಮೇಲಿನ ಎಲೆನಾ, ಕೆಳಗಿನ ಎಲೆನಾ ಅಂತ ನೋಡ್ತೀವಲ್ಲ, ಇದೂ ಹಾಗೇ. ತಾಟಿನ ಹತ್ತಿರ ಐದು ನಿಮಿಷ ಸುಮ್ಮನೆ ಕೂತು ಗಮನಿಸಿ.

ಮೊದಲನೇ ರೀತಿ: ಬೆಕ್ಕು ಹಸಿವಿನಿಂದ ಓಡಿ ಬರ್ತದೆ, ತುತ್ತು ಹಿಡೀತದೆ, ತಕ್ಷಣ ಕೆಳಗೆ ಬೀಳಿಸ್ತದೆ. ತಲೆ ಒಂದು ಕಡೆ ವಾಲಿಸಿ ಅಗೀತದೆ, ಕಾಲಿನಿಂದ ಬಾಯಿ ಉಜ್ಜಿಕೊಳ್ತದೆ, ಜೊಲ್ಲು ಸುರೀತದೆ, ಬಾಯಿ ನಾರ್ತದೆ. ಇದು ಹಲ್ಲಿನ ನೋವು. ವಯಸ್ಸಾದ ಬೆಕ್ಕುಗಳಲ್ಲಿ ಒಸಡಿನ ಅಂಚಿನ ಹತ್ತಿರ ಹಲ್ಲು ತಾನಾಗಿಯೇ ಕರಗಿ ತೂತಾಗೋದು ಬಹಳ ಸಾಮಾನ್ಯ. ಗಟ್ಟಿ ರೊಟ್ಟಿ, ಒಣ ಕಾಳು ತಾಗಿದ್ರೆ ಜೀವ ಹೋಗೋ ಹಾಗೆ ನೋಯುತ್ತೆ.

ಎರಡನೇ ರೀತಿ: ತಾಟಿನವರೆಗೂ ಬರ್ತದೆ, ಮೂಸ್ತದೆ, ತುಟಿ ನೆಕ್ಕಿಕೊಳ್ತದೆ, ನುಂಗಿದ ಹಾಗೆ ಮಾಡಿ ಹಿಂದೆ ಸರೀತದೆ. ಇದು ವಾಕರಿಕೆ. ಕಿಡ್ನಿ, ಲಿವರ್ ಅಥವಾ ಕರುಳಿನ ತೊಂದರೆಯಲ್ಲಿ ಹೀಗಾಗುತ್ತೆ. ಬೂದಿ ಮಾಡಿದ್ದು ಇದನ್ನೇ, ನನಗೆ ಅದು ಗೊತ್ತಾಗಲಿಲ್ಲ.

ಮೂರನೇ ರೀತಿ: ತಾಟು ಇಟ್ರೂ ಗಮನವೇ ಕೊಡಲ್ಲ. ಮೂಗಿನಲ್ಲಿ ಸಿಂಬಳ, ಕಣ್ಣಲ್ಲಿ ನೀರು ಇದ್ರೆ ಮೂಗು ಕಟ್ಟಿದೆ. ಬೆಕ್ಕು ಊಟ ಒಪ್ಪೋದು ನಾಲಿಗೆಯಿಂದ ಅಲ್ಲ, ಮೂಗಿನಿಂದ. ವಾಸನೆ ಬರದಿದ್ರೆ ಅದು ಅದರ ಪಾಲಿಗೆ ಊಟವೇ ಅಲ್ಲ. ಸಿಹಿ ರುಚಿಯಂತೂ ಬೆಕ್ಕಿಗೆ ಗೊತ್ತೇ ಆಗಲ್ಲ, ಅದನ್ನು ಗುರುತಿಸೋ ಜೀನ್ ಬೆಕ್ಕಿನಲ್ಲಿ ಕೆಲಸ ಮಾಡಲ್ಲ. ಹಾಗಾಗಿ ಬೆಲ್ಲ, ಸಕ್ಕರೆ ಹಾಕಿ ಆಸೆ ತೋರಿಸೋದು ದಂಡ. ಡಿಸೆಂಬರ್-ಜನವರಿಯಲ್ಲಿ ಬೀದರ್ ಕಡೆ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯೋ ದಿನಗಳಿರ್ತವೆ. ಆಗ ತಣ್ಣಗಾದ ಹಾಲು-ರೊಟ್ಟಿಗೆ ವಾಸನೆಯೇ ಇರಲ್ಲ.

ನಾಲ್ಕನೇ ರೀತಿ, ಇದು ತುರ್ತು: ಬೆಕ್ಕು ಪದೇ ಪದೇ ಮಣ್ಣು ಕೆದರಿ ಕೂರ್ತದೆ, ಮೂತ್ರ ಬರಲ್ಲ, ಕೂಗ್ತದೆ, ಊಟ ಬಿಟ್ಟಿದೆ. ಗಂಡು ಬೆಕ್ಕಿನಲ್ಲಿ ಇದು ಮೂತ್ರನಾಳ ಕಟ್ಟಿಕೊಂಡಿರೋ ಲಕ್ಷಣ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ರಾತ್ರಿಯಾದ್ರೂ ಕಾಯಬೇಡಿ.

ಇನ್ನೊಂದು ಎಚ್ಚರಿಕೆ. ಬೆಕ್ಕು ಇದ್ದಕ್ಕಿದ್ದ ಹಾಗೆ ಸ್ವಭಾವ ಬದಲಿಸಿ ಮೈಮೇಲೆ ಬರ್ತಿದ್ರೆ, ಜೊಲ್ಲು ಸುರಿಸ್ತಿದ್ರೆ, ನುಂಗಲಾಗದೆ ಒದ್ದಾಡ್ತಿದ್ರೆ ಬರಿಗೈಯಿಂದ ಬಾಯಿ ತೆರೆದು ನೋಡಬೇಡಿ. ರೇಬೀಸ್ ನಾಯಿಯಿಂದ ಮಾತ್ರ ಬರಲ್ಲ, ಬೆಕ್ಕಿನಿಂದಲೂ ಬರುತ್ತೆ. ಕಚ್ಚಿದ್ರೆ ಅಥವಾ ಪರಚಿದ್ರೆ ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಬೀದರಿನಲ್ಲಿ ಗೊತ್ತಾದದ್ದು

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಇರೋದು ಬೀದರಿನ ನಂದಿನಗರದಲ್ಲೇ. ಅಲ್ಲಿಯ ಪಶುವೈದ್ಯಕೀಯ ಕಾಲೇಜಿಗೆ ಜನ ದನ, ಎಮ್ಮೆ, ಆಡು ತರ್ತಾರೆ. ನಾನು ಬೆಕ್ಕು ತಂದದ್ದಕ್ಕೆ ಸಾಲಿನಲ್ಲಿದ್ದ ಒಬ್ಬರು ಕಾಕಾ ನಕ್ಕರು. ಡಾಕ್ಟರ್ ನಗಲಿಲ್ಲ.

ಪರೀಕ್ಷೆಯಲ್ಲಿ ಎರಡು ಸಂಗತಿ ಗೊತ್ತಾದವು. ಕೆಳದವಡೆಯ ಒಂದು ಹಲ್ಲು ಒಸಡಿನವರೆಗೆ ಕರಗಿತ್ತು. ರಕ್ತದಲ್ಲಿ ಕ್ರಿಯಾಟಿನಿನ್ 3.1 ಇತ್ತು. ಇದರ ಅರ್ಥ ತಿಳಿದಿರಲಿ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವೇ ಕ್ರಿಯಾಟಿನಿನ್. ಬೆಕ್ಕಿನಲ್ಲಿ ಅದು 1.6ಕ್ಕಿಂತ ಕಡಿಮೆ ಇರಬೇಕು. 1.6ರಿಂದ 2.8ರವರೆಗೆ ಎರಡನೇ ಹಂತ, 2.9ರಿಂದ 5ರವರೆಗೆ ಮೂರನೇ ಹಂತ, 5 ದಾಟಿದ್ರೆ ಕೊನೆಯ ಹಂತ. ಬೂದಿ ಮೂರನೇ ಹಂತದಲ್ಲಿತ್ತು.

ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಕಿಡ್ನಿ ಕಾಯಿಲೆ ಇರ್ತದೆ. ಕಿಡ್ನಿಯ ಮೂರರಲ್ಲಿ ಎರಡು ಭಾಗ ಕೆಟ್ಟ ಮೇಲಷ್ಟೇ ಹೊರಗೆ ಲಕ್ಷಣ ಕಾಣ್ತದೆ. ಮೊದಲ ಲಕ್ಷಣ ಊಟ ಬಿಡೋದಲ್ಲ, ನೀರು ಹೆಚ್ಚು ಕುಡಿಯೋದು, ಮೂತ್ರ ಹೆಚ್ಚು ಮಾಡೋದು. ಬೂದಿ ಮಳೆಗಾಲದಿಂದಲೂ ದನದ ಬಾನಿಯಲ್ಲಿ ನೀರು ಕುಡೀತಿತ್ತು. "ನೋಡು, ಎಮ್ಮಿ ಜೋಡಿ ನೀರ ಕುಡೀತದ" ಅಂತ ನಾವೆಲ್ಲ ನಕ್ಕಿದ್ವಿ. ಕಾಯಿಲೆ ಆಗಲೇ ಹೇಳ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ.

ಹೆಚ್ಚು ತಿಂದೂ ಸೊರಗೋ ಬೆಕ್ಕು ಇದ್ರೆ ಅದು ಥೈರಾಯ್ಡ್ ಇಲ್ಲವೇ ಸಕ್ಕರೆ ಕಾಯಿಲೆ ಇರಬಹುದು. ಅದಕ್ಕೂ ರಕ್ತ ಪರೀಕ್ಷೆಯೇ ಬೇಕು, ಊಹೆ ನಡೆಯಲ್ಲ.

ಮೂರು ದಿನ ಸಲೈನ್, ವಾಕರಿಕೆ ನಿಲ್ಲಿಸೋ ಇಂಜೆಕ್ಷನ್ ಕೊಟ್ಟರು. ಒಣಗಿದ ದೇಹಕ್ಕೆ ಅರಿವಳಿಕೆ ಕೊಟ್ಟು ಹಲ್ಲು ಕೀಳೋದು ಅಪಾಯ, ಮೊದಲು ಚೇತರಿಸಲಿ ಅಂದ್ರು. ಎರಡು ವಾರದ ಮೇಲೆ ಹಲ್ಲು ತೆಗೆದರು. ಕಿಡ್ನಿ ಮತ್ತೆ ಹೊಸದಾಗಲ್ಲ, ಉಳಿದಿರೋದನ್ನು ಕಾಪಾಡಬಹುದು ಅಷ್ಟೇ ಅಂತ ಡಾಕ್ಟರ್ ನೇರವಾಗಿ ಹೇಳಿದ್ರು. ಆ ನೇರ ಮಾತಿನಿಂದ ನನಗೆ ಅನುಕೂಲವೇ ಆಯಿತು, ಮುಂದೆ ಏನು ಮಾಡಬೇಕು ಅಂತ ತಿಳೀತು.

ಮನೆಯಲ್ಲಿ ಮತ್ತೆ ಊಟ ಹಿಡಿಸೋದು ಹೇಗೆ?

ಡಾಕ್ಟರ್ ನೋಡಿದ ಮೇಲೆ ಮಾಡಬೇಕಾದ ಕೆಲಸಗಳಿವು. ಡಾಕ್ಟರ್ ಬದಲಿಗೆ ಅಲ್ಲ.

1. ಊಟ ಬೆಚ್ಚಗಿರಲಿ. ಬೆಕ್ಕಿನ ಮೈ ಬಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್. ಆಗ ತಾನೇ ಹಿಡಿದ ಇಲಿಯ ಬಿಸಿಯೂ ಅಷ್ಟೇ. ಬಟ್ಟಲನ್ನು ಬಿಸಿ ನೀರಿನಲ್ಲಿ ಐದು ನಿಮಿಷ ಇಟ್ಟು ಕೊಡಿ. ಬೂದಿ ಮೊದಲ ತುತ್ತು ನುಂಗಿದ್ದು ಹೀಗೆ.

2. ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಿ, ಮೂಳೆ ತೆಗೆದು, ಮೆತ್ತಗೆ ಹಿಸುಕಿ, ಅದೇ ನೀರು ಸೇರಿಸಿ. ಉಪ್ಪು, ಖಾರ, ಮಸಾಲೆ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವ ರೂಪದಲ್ಲೂ ಬೇಡ. ಇವು ಬೆಕ್ಕಿನ ಕೆಂಪು ರಕ್ತಕಣ ಒಡೆದು ರಕ್ತ ಕಡಿಮೆ ಮಾಡ್ತವೆ. ಹಬ್ಬದ ಭಜ್ಜಿ, ಸಾರು ಉಳೀತು ಅಂತ ಬೆಕ್ಕಿಗೆ ಹಾಕಬೇಡಿ. ಒಣ ಮೀನಿನಲ್ಲಿ ಉಪ್ಪು ವಿಪರೀತ, ಕಿಡ್ನಿ ಕೆಟ್ಟ ಬೆಕ್ಕಿಗೆ ಅದು ಆಗಲ್ಲ.

3. ದಿನಕ್ಕೆ ಎರಡು ಸಲ ತಾಟು ತುಂಬ ಹಾಕೋ ಬದಲು, ಎರಡು ಚಮಚದಷ್ಟು ಐದಾರು ಸಲ ಕೊಡಿ. 20 ನಿಮಿಷದಲ್ಲಿ ತಿನ್ನದಿದ್ರೆ ತಾಟು ತೆಗೆಯಿರಿ. ವಾಕರಿಕೆ ಇರೋವಾಗ ಮುಂದೆಯೇ ಊಟ ಇಟ್ಟಿದ್ರೆ ಆ ವಾಸನೆಗೇ ಹೇಸಿಗೆ ಹುಟ್ಟಿ, ಮುಂದೆ ಆರಾಮಾದ ಮೇಲೂ ಅದನ್ನು ಮುಟ್ಟಲ್ಲ.

4. ತಾಟು ಅಗಲವಾಗಿ, ಆಳ ಕಡಿಮೆ ಇರಲಿ. ಕತ್ತು, ಕಾಲು ನೋಯೋ ಮುದಿ ಬೆಕ್ಕಿಗೆ ಒಂದು ಇಟ್ಟಿಗೆ ಮೇಲೆ ತಾಟು ಇಟ್ಟರೆ ಬಗ್ಗೋ ಕಷ್ಟ ತಪ್ಪುತ್ತೆ. ನಾಯಿ, ಕೋಳಿ ಬರದ ಜಾಗ ಆಗಿರಲಿ.

5. ನೀರು ಮೂರು ಕಡೆ ಇಡಿ, ಊಟದ ಪಕ್ಕದಲ್ಲಿ ಬೇಡ. ಊಟದಲ್ಲಿರೋ ನೀರೂ ಸೇರಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿ ಬೇಕು. ಕಿಡ್ನಿ ಕಾಯಿಲೆ ಇದ್ರೆ ಇನ್ನೂ ಹೆಚ್ಚು. ಮಾರ್ಚ್ ಬಂತು ಅಂದ್ರೆ ಇದರ ಮೇಲೆ ಕಣ್ಣಿಡಲೇಬೇಕು.

6. ಬಲವಂತವಾಗಿ ಬಾಯಿಗೆ ಸುರಿಯಬೇಡಿ. ಗಾಳಿನಾಳಕ್ಕೆ ಹೋದ್ರೆ ನ್ಯುಮೋನಿಯಾ ಆಗುತ್ತೆ. ಔಷಧಿಯನ್ನು ಇಷ್ಟದ ಊಟದಲ್ಲಿ ಬೆರೆಸಬೇಡಿ, ಇಷ್ಟದ ಊಟವೂ ಕೈ ತಪ್ಪುತ್ತೆ.

7. ಕಿಡ್ನಿ ಕಾಯಿಲೆಗೆ ರಂಜಕ ಕಡಿಮೆ ಇರೋ ವಿಶೇಷ ಆಹಾರ ಸಿಗ್ತದೆ. ಆದ್ರೆ ವಾಕರಿಕೆ ನಿಂತ ಮೇಲೆ, ಹಳೆ ಊಟದ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ, ಎರಡು-ಮೂರು ವಾರದಲ್ಲಿ ಬದಲಿಸಬೇಕು. ಯಾವುದೋ ಒಳ್ಳೆ ಆಹಾರಕ್ಕಾಗಿ ಉಪವಾಸ ಕೆಡವೋದಕ್ಕಿಂತ, ತಿನ್ನೋದನ್ನು ತಿನ್ನಲಿ ಬಿಡೋದು ಮೇಲು.

ಹಾಲು-ರೊಟ್ಟಿ ಸಾಕಾ?

ಔರಾದ್ ಕಡೆಯ ಓದುಗರೊಬ್ಬರು ಫೋನ್ ಮಾಡಿದ್ರು. "ಅಕ್ಕಾ, ನಮ್ಮ ಬೆಕ್ಕ ಹನ್ನೆರಡ ವರ್ಷ ಹಾಲು-ರೊಟ್ಟಿ ಮ್ಯಾಲೇ ಬದುಕ್ಯಾದ. ಈಗ ಯಾಕ ಒಲ್ಲೆ ಅಂತದ?" ಒಳ್ಳೆ ಪ್ರಶ್ನೆ. ಉತ್ತರ ಏನಂದ್ರೆ, ಆ ಬೆಕ್ಕು ಹಾಲು-ರೊಟ್ಟಿ ಮೇಲೆ ಬದುಕಿಲ್ಲ, ಇಲಿ ಮೇಲೆ ಬದುಕಿದೆ. ಹಾಲು-ರೊಟ್ಟಿ ಬರೀ ಚಹಾ-ಬಿಸ್ಕಿಟ್ ಇದ್ದ ಹಾಗೆ.

ಬೆಕ್ಕು ಮಾಂಸಾಹಾರವಿಲ್ಲದೆ ಬದುಕಲಾಗದ ಪ್ರಾಣಿ. ಅದಕ್ಕೆ ಟಾರಿನ್ ಅನ್ನೋ ಪೋಷಕಾಂಶ ದಿನಾಲೂ ಬೇಕು. ಅದು ಮಾಂಸ, ಮೀನಿನಲ್ಲಿ ಇದೆ, ಜೋಳದಲ್ಲಿ ಇಲ್ಲ, ಹಾಲಿನಲ್ಲಿ ಬಹಳ ಕಡಿಮೆ. ಟಾರಿನ್ ಕೊರತೆಯಾದ್ರೆ ಕಣ್ಣು ಹೋಗ್ತವೆ, ಹೃದಯ ಹಿಗ್ಗಿ ಸೋಲ್ತದೆ. ಹೃದಯದ ಈ ಸಂಬಂಧವನ್ನು 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿಕೊಟ್ಟರು. ಆಮೇಲೆ ಬೆಕ್ಕಿನ ಆಹಾರ ತಯಾರಿಸೋರು ಟಾರಿನ್ ಹೆಚ್ಚಿಸಿದ್ರು.

ಒಂದು ಸಣ್ಣ ಇಲಿಯಲ್ಲಿ ಸುಮಾರು 30 ಕ್ಯಾಲರಿ ಇರ್ತದೆ. ಮೂರೂವರೆ ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಬೇಕು, ಅಂದ್ರೆ ಆರೇಳು ಇಲಿ. ವಯಸ್ಸಾಗಿ ಕೀಲು ಹಿಡಿದು, ಹಲ್ಲು ಹೋಗಿ ಬೇಟೆ ನಿಂತಾಗ ಆ ಊಟ ನಿಂತು ಹೋಗ್ತದೆ. ನಾವು ಮಾತ್ರ "ದಿನಾ ಹಾಲು-ರೊಟ್ಟಿ ಹಾಕ್ತೀವಲ್ಲ" ಅಂದ್ಕೊಂಡಿರ್ತೀವಿ. ಸಸ್ಯಾಹಾರಿ ಮನೆಗಳಲ್ಲಿ ಮಾಂಸ ಬೇಯಿಸೋದು ಆಗಲ್ಲ ಅನ್ನೋದು ನನಗೂ ಗೊತ್ತು. ಅಂಥವರು ಅಂಗಡಿಯಲ್ಲಿ ಸಿಗೋ ಬೆಕ್ಕಿನ ಆಹಾರವನ್ನೇ ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ. ನಾಯಿ ಆಹಾರ ಬೇಡ. ಹಾಲು ಕುಡಿದು ಭೇದಿಯಾಗೋ ಬೆಕ್ಕಿಗೆ ಹಾಲೂ ಬೇಡ, ಬಹಳ ಬೆಕ್ಕುಗಳಿಗೆ ದೊಡ್ಡವಾದ ಮೇಲೆ ಹಾಲಿನ ಸಕ್ಕರೆ ಜೀರ್ಣವಾಗಲ್ಲ.

ಹುಲಿಯ ಕಥೆ: ಇಲಿ ಪಾಷಾಣ

ಔರಾದಿನ ಆ ಫೋನ್ ಅಲ್ಲಿಗೇ ಮುಗೀಲಿಲ್ಲ. "ಬೆಕ್ಕ ಇಲಿ ಹಿಡಿಯೋದ ಬಿಟ್ಟಾದ, ಕಡ್ಲಿ ಚೀಲ ಎಲ್ಲಾ ಕಡದು ಹಾಕ್ಯಾವ. ಅದಕ್ಕ ಹೋದ ವಾರ ಇಲಿ ಔಷಧಿ ಇಟ್ಟೀವಿ" ಅಂದ್ರು. ನನ್ನ ಎದೆ ಝಲ್ ಅಂತು.

ಎಂಟು ವರ್ಷದ ಹಿಂದೆ ನಾನು ಕೆಲಸ ಬಿಟ್ಟು ಹೊಲಕ್ಕೆ ಬಂದ ಮೊದಲ ವರ್ಷ. ಸಾವಯವ ಅಂತ ಹೊಲಕ್ಕೆ ಒಂದು ಹನಿ ವಿಷ ಹೊಡೆಯಲಿಲ್ಲ. ಆದ್ರೆ ತೊಗರಿ ಇಟ್ಟ ಕೋಣೆಯಲ್ಲಿ ಇಲಿ ಕಾಟ ತಡೀಲಾರದೆ ಬ್ರೊಮಾಡಿಯೋಲೋನ್ ಬಿಲ್ಲೆ ಇಟ್ಟೆ. ಬೂದಿಯ ಮಗ ಒಂದಿತ್ತು, ಹೆಸರು ಹುಲಿ. ಎರಡು ವರ್ಷದ ಗಟ್ಟಿ ಗಂಡು ಬೆಕ್ಕು. ಒಂದು ದಿನ ಊಟ ಬಿಟ್ಟಿತು, ಮೂಲೆ ಹಿಡಿದು ಕೂತಿತು. ಸಿಟ್ಟು ಬಂದಿರಬೇಕು ಅಂದ್ಕೊಂಡೆ. ನಾಲ್ಕನೇ ದಿನ ಮೂಗಿನಲ್ಲಿ ರಕ್ತ ಬಂತು. ಸಂಜೆಯೊಳಗೆ ಹೋಯ್ತು. ಪ್ಯಾಕೆಟ್ ಮೇಲೆ ಬರೆದಿದ್ದನ್ನೆಲ್ಲ ಓದಿದ್ದೆ, ಡಿಗ್ರಿಯಲ್ಲಿ ಪಾಠವೂ ಆಗಿತ್ತು. ವಿಷ ತಿಂದ ಇಲಿಯನ್ನು ಯಾರು ತಿಂತಾರೆ ಅಂತ ಮಾತ್ರ ಯೋಚಿಸಲಿಲ್ಲ. ಬೂದಿ ಊಟ ಬಿಟ್ಟ ರಾತ್ರಿ ನನಗೆ ನಿದ್ದೆ ಬರದಿದ್ದದ್ದು ಇದಕ್ಕೇ.

ಬ್ರೊಮಾಡಿಯೋಲೋನ್ ರಕ್ತ ಹೆಪ್ಪುಗಟ್ಟೋದನ್ನು ತಡೀತದೆ. ಲಕ್ಷಣ ಕಾಣೋಕೆ ಮೂರರಿಂದ ಐದು ದಿನ ಬೇಕು. ಬಿಳಚಿದ ಒಸಡು, ಉಬ್ಬಸ, ಸುಸ್ತು, ಊಟ ಬಿಡೋದು ಮೊದಲ ಗುರುತು. ಆದ್ರೆ ಇದಕ್ಕೆ ಮದ್ದು ಇದೆ. ವಿಟಮಿನ್ ಕೆ1 ಅನ್ನು ಡಾಕ್ಟರ್ ಹೇಳಿದಷ್ಟು ವಾರ ಕೊಟ್ರೆ ಬದುಕ್ತವೆ. ಸಮಯಕ್ಕೆ ಹೋಗಬೇಕು, ಪ್ಯಾಕೆಟ್ ಜೊತೆಗೆ ಒಯ್ಯಬೇಕು. ಕಪ್ಪು ಪುಡಿಯಾಗಿ ಬರೋ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷದ ಗಾಳಿಯಾಗಿ ಗಂಟೆಗಳಲ್ಲೇ ಕೊಲ್ಲುತ್ತೆ, ಅದಕ್ಕೆ ನೇರ ಮದ್ದಿಲ್ಲ. ಔರಾದಿನವರಿಗೆ ಅದೇ ದಿನ ಬೆಕ್ಕನ್ನು ಬೀದರಿಗೆ ಒಯ್ಯಲು ಹೇಳಿದೆ. ದಾರಿ 40 ಕಿಲೋಮೀಟರ್ ಆಸುಪಾಸು. ಒಯ್ದರು. ಹತ್ತು ದಿನದ ಮೇಲೆ ಫೋನ್ ಮಾಡಿ "ಉಣ್ಲತ್ತದ ಅಕ್ಕಾ" ಅಂದ್ರು.

ಇಲ್ಲಿರೋ ಸುಳಿ ನೋಡಿ. ಬೆಕ್ಕಿಗೆ ವಯಸ್ಸಾಗ್ತದೆ, ಬೇಟೆ ನಿಲ್ತದೆ. ಇಲಿ ಹೆಚ್ಚಾಗ್ತವೆ. ನಾವು ವಿಷ ಇಡ್ತೀವಿ. ವಿಷ ತಿಂದು ತೂರಾಡೋ ಇಲಿ ಹಿಡಿಯೋದು ಮುದಿ ಬೆಕ್ಕಿಗೂ ಸುಲಭ. ಹೀಗೆ ಜೀವನವಿಡೀ ಕಾಳು ಕಾಯ್ದ ಬೆಕ್ಕು ಅದೇ ಕಾಳಿನ ಕೋಣೆಯಲ್ಲಿ ಸಾಯ್ತದೆ.

ಬೆಕ್ಕು ನಿವೃತ್ತಿಯಾದ್ರೆ ಅದರ ಕೆಲಸ ಕೋಣೆಗೆ ಕೊಡಿ. ಬಾಗಿಲ ಕೆಳಗೆ ತಗಡು ಬಡಿಯಿರಿ. ಸಣ್ಣ ಇಲಿ ನುಸುಳೋಕೆ 6 ಮಿಲಿಮೀಟರ್ ಸಂದು ಸಾಕು, ಹಾಗಾಗಿ ಸಂದುಗಳನ್ನು ಸಿಮೆಂಟು ಮತ್ತು ಗಾಜಿನ ಚೂರಿನಿಂದ ಮುಚ್ಚಿ. ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ದೂರ ಇಡಿ. ಬೀಜದ ಕಾಳು, ಮನೆ ಕಾಳು ತಗಡಿನ ಡ್ರಮ್ಮಿನಲ್ಲಿರಲಿ. ಗೋಡೆ ಅಂಚಿಗೆ ಬೋನು ಇಡಿ, ಇಲಿ ಓಡಾಡೋದು ಗೋಡೆ ಅಂಚಿನಲ್ಲೇ. ನಾವು ಎಂಟು ವರ್ಷದಿಂದ ಇದನ್ನೇ ಮಾಡ್ತಿದ್ದೀವಿ. ನಷ್ಟ ಸೊನ್ನೆ ಅಂತ ಹೇಳಲ್ಲ, ಆದ್ರೆ ತಡಕೊಳ್ಳೋಷ್ಟಿದೆ. ಬೇರೆ ಮರಿ ತರೋದಿದ್ರೆ ಹಳೆ ಬೆಕ್ಕು ಹುಷಾರಾದ ಮೇಲೆ ತನ್ನಿ. ಕಾಯಿಲೆ ಬಿದ್ದಾಗ ಮರಿ ಬಂದ್ರೆ ಆ ಒತ್ತಡಕ್ಕೇ ಊಟ ಬಿಡ್ತವೆ.

ಮನೆ ಮದ್ದಿನ ಹೆಸರಲ್ಲಿ ಇವನ್ನು ಮಾಡಬೇಡಿ

ಜ್ವರದ ಮಾತ್ರೆ, ಅಂದ್ರೆ ಪ್ಯಾರಾಸಿಟಮಾಲ್, ಬೆಕ್ಕಿಗೆ ವಿಷ. ನಮಗೆ ಕೊಡೋ 500 ಮಿಲಿಗ್ರಾಮಿನ ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಸಡು ಕಂದು ಬಣ್ಣಕ್ಕೆ ತಿರುಗ್ತದೆ, ಮುಖ ಬಾತುಕೊಳ್ತದೆ. ತಪ್ಪಿ ಕೊಟ್ಟಿದ್ರೆ ತಕ್ಷಣ ಓಡಿ.

ದನದ ಉಣ್ಣೆಗೆ ಹೊಡೆಯೋ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ನಾಯಿ ಚಿಗಟಕ್ಕೆ ಹಾಕೋ ಪರ್ಮೆಥ್ರಿನ್ ಬೆಕ್ಕಿಗೆ ನಡುಕ, ಸೆಳೆತ ತರ್ತವೆ. ದನಕ್ಕೆ ಔಷಧಿ ಹೊಡೆದ ದಿನ ಕೊಟ್ಟಿಗೆಯ ಗೋಣಿ ಮೇಲೆ ಬೆಕ್ಕು ಮಲಗದ ಹಾಗೆ ನೋಡಿಕೊಳ್ಳಿ. ಮೈ ನೆಕ್ಕಿಕೊಳ್ಳೋ ಪ್ರಾಣಿ ಅದು, ಮೈಗೆ ಅಂಟಿದ್ದೆಲ್ಲ ಹೊಟ್ಟೆಗೆ ಹೋಗ್ತದೆ. ನೆಲ ಒರೆಸೋ ಫಿನಾಯಿಲ್‌ಗೂ ಇದೇ ಮಾತು.

ಯಾರನ್ನು ಕೇಳಬೇಕು?

ತಾಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. 1962 ನಂಬರಿಗೆ ಫೋನ್ ಮಾಡಿದ್ರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಮಾಹಿತಿ ಸಿಗ್ತದೆ. ಅದು ಮುಖ್ಯವಾಗಿ ದನಕರುಗಳಿಗೆ ಇರೋದು, ಆದ್ರೂ ಕೇಳಿ ನೋಡೋದರಲ್ಲಿ ತಪ್ಪಿಲ್ಲ. ರಕ್ತ ಪರೀಕ್ಷೆ, ಹಲ್ಲಿನ ಕೆಲಸ ಬೇಕಾದ್ರೆ ಬೀದರಿಗೆ ಬನ್ನಿ. ಬರುವಾಗ ಇವಿಷ್ಟನ್ನು ಚೀಟಿಯಲ್ಲಿ ಬರಕೊಂಡು ಬನ್ನಿ: ಎಷ್ಟು ಗಂಟೆಯಿಂದ ತಿಂದಿಲ್ಲ, ನೀರು ಕುಡೀತದಾ, ಮೂತ್ರ-ಮಲ ಯಾವಾಗ ಆಯ್ತು, ವಾಂತಿ ಎಷ್ಟು ಸಲ, ಮನೆಯಲ್ಲಿ ಯಾವ ವಿಷ ಇಟ್ಟಿದ್ದೀರಿ. ನಾಚಿಕೆ ಪಟ್ಟು ವಿಷದ ಮಾತು ಮುಚ್ಚಿಡಬೇಡಿ.

ಮತ್ತೆ ತಿಂಗಳಿಗೊಮ್ಮೆ ತೂಗಿ. 5 ಪರ್ಸೆಂಟ್ ಇಳಿದ್ರೆ ಎಚ್ಚರ, 10 ಇಳಿದ್ರೆ ಆಸ್ಪತ್ರೆ. ನಾನು ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬೂದಿ ತೂಕ ಬರೀತೀನಿ.

ಕೊನೆಗೆ ಒಂದು ಮಾತು

ಈಗ ನಾಲ್ಕು ತಿಂಗಳಾಯ್ತು. ಬೂದಿ ತೂಕ 2.9 ಕಿಲೋ. ವಾರಕ್ಕೆ ಎರಡು ಸಲ ಚರ್ಮದ ಕೆಳಗೆ ಸಲೈನ್ ಕೊಡೋದನ್ನು ಡಾಕ್ಟರ್ ನನಗೇ ಕಲಿಸಿದ್ದಾರೆ. ಇಲಿ ಹಿಡಿಯಲ್ಲ. ತೊಗರಿ ಚೀಲದ ಮೇಲೆ ಬಿಸಿಲು ಬೀಳೋ ಜಾಗದಲ್ಲಿ ಮಲಗಿರ್ತದೆ. ಮೊದಲು "ಎಲ್ಲಿ ದವಾಖಾನಿ ಅಂತ ತಿರುಗ್ತಿ" ಅಂತಿದ್ದ ಅವ್ವನೇ ಈಗ ಬಟ್ಟಲನ್ನು ಬಿಸಿ ನೀರಿನಲ್ಲಿಟ್ಟು ಕಾಯ್ತಾಳೆ.

ಇದು ಕಾಯಿಲೆ ಗೆದ್ದ ಕಥೆ ಅಲ್ಲ. ಮುಂದೊಂದು ದಿನ ಬೂದಿ ಮತ್ತೆ ಊಟ ಬಿಡ್ತದೆ, ಆಗ ಯಾವ ಬಿಸಿ ಬಟ್ಟಲೂ ಕೆಲಸ ಮಾಡಲ್ಲ. ಅದಕ್ಕೂ ಡಾಕ್ಟರ್ ಒಂದು ಅಳತೆ ಹೇಳಿಕೊಟ್ಟಿದ್ದಾರೆ. ತಾನಾಗಿ ತಿನ್ನೋದು, ಮೈ ನೆಕ್ಕಿಕೊಳ್ಳೋದು, ಕರೆದ್ರೆ ಕತ್ತು ಎತ್ತೋದು, ಈ ಮೂರರಲ್ಲಿ ಎಷ್ಟು ಉಳಿದಿವೆ ಅಂತ ದಿನಾ ನೋಡು. ವಾರದಲ್ಲಿ ಒಳ್ಳೆ ದಿನಗಳಿಗಿಂತ ಕೆಟ್ಟ ದಿನ ಹೆಚ್ಚಾದಾಗ ಬಾ, ನೋವಿಲ್ಲದೆ ಕಳಿಸೋದರ ಬಗ್ಗೆ ಮಾತಾಡೋಣ ಅಂದಿದ್ದಾರೆ. ಆಯಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಹೋಗೋ ಟೈಮ್ ಎಲ್ಲರಿಗೂ ಬರ್ತದೆ. ಆದ್ರೆ ಎಳ್ಳಮಾವಾಸ್ಯೆಯ ದಿನ ಆ ಟೈಮ್ ಬಂದಿರಲಿಲ್ಲ. ಒಂದು ಕೆಟ್ಟ ಹಲ್ಲು, ಒಣಗಿದ ಮೈ, ವಾಕರಿಕೆ ಇತ್ತು ಅಷ್ಟೇ. ವಯಸ್ಸು ಯಾವುದು, ಕಾಯಿಲೆ ಯಾವುದು ಅಂತ ಬೇರೆ ಮಾಡಿ ನೋಡೋ ಕೆಲಸ ನಮ್ಮದು.

ಇವತ್ತು ಸಂಜೆ ನಿಮ್ಮ ಮನೆ ಹಳೆ ಬೆಕ್ಕು ತಾಟಿನ ಹತ್ತಿರ ಬಂದಾಗ ಐದು ನಿಮಿಷ ಪಕ್ಕದಲ್ಲಿ ಕೂತು ನೋಡ್ರಿ. ಮುಂದಿನ ವಾರ ಕಡಲೆ ಕಾಳನ್ನು ಹುಳು ಹಿಡಿಯದ ಹಾಗೆ ಸಂಗ್ರಹಿಸೋದು ಹೇಗೆ ಅಂತ ನೋಡೋಣ.